ದಾಳಿಂಬೆಯ ಜ್ವರ ನೋಡಿದ ದಿನ

2025ರ ಜನವರಿಯ ಮಾತು. ಸಂಕ್ರಾಂತಿಗೆಂದು ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಿಂದ ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದಿದ್ದರು. ಕುಸುರೆಳ್ಳು ಹಂಚಿ ಮುಗಿದಿತ್ತು. ನಾನು ದಾಳಿಂಬೆ ಬಿಡಿಸಿ ಕಾಳುಗಳನ್ನು ಬಟ್ಟಲಿಗೆ ಹಾಕುತ್ತಿದ್ದೆ, ಆರನೇ ತರಗತಿಯ ಮೊಮ್ಮಗಳು ತಿನ್ನುತ್ತಿದ್ದಳು.

“ಅಜ್ಜ, ಚಿಕ್ಕಜ್ಜನ ತೋಟದ ಹಣ್ಣು ದುಬೈಗೆ ಹೋಗುತ್ತಂತೆ. ಹಡಗಲ್ಲಿ ಅಷ್ಟು ದಿನ ಇಟ್ಟರೆ ಕೊಳೆಯಲ್ವಾ? ಹಡಗಲ್ಲಿ ಫ್ರಿಜ್ ಇರುತ್ತಾ?”

“ಇರ್ತೈತಿ. ಈ ಪಡಸಾಲಿಗಿಂತ ಉದ್ದ ಇರ್ತೈತಿ” ಎಂದೆ. ಅವಳು ನಂಬಲಿಲ್ಲ.

ಅದೇ ಸಂಜೆ ತಮ್ಮನ ಮಗನ ಫೋನು ಬಂತು. “ದೊಡ್ಡಪ್ಪಾ, ನಾಡಿದ್ದು ನಮ್ಮ ಹಣ್ಣು ಕಂಟೇನರಿಗೆ ತುಂಬೂದೈತ್ರಿ. ಎಲ್ಲಾರೂ ಬರ್ರಿ.” ಹದಿನೈದು ವರ್ಷಗಳಿಂದ ನಾನು ಹಣ್ಣು ತುಂಬುವ ಜಾಗಕ್ಕೆ ಕಾಲಿಟ್ಟಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಆದರೆ ಮೊಮ್ಮಗಳು ಆಗಲೇ ಚೀಲಕ್ಕೆ ನೋಟ್‌ಬುಕ್ಕು ಹಾಕಿಕೊಂಡಿದ್ದಳು. ಸೊಸೆಗೆ ಇಳಕಲ್ ಸೀರೆ ಕೊಳ್ಳಬೇಕಿತ್ತು. ಮಗ ಕಾರು ತೆಗೆದ. ಬಾದಾಮಿ, ಐಹೊಳೆ ನೋಡಿಕೊಂಡು ಹುನಗುಂದ, ಅಲ್ಲಿಂದ ಇಳಕಲ್ ಎಂದು ದಾರಿ ಗೊತ್ತು ಮಾಡಿದೆವು.

ಬೆಳಗಿನ ಆರು ಗಂಟೆಗೆ ಹೊರಟೆವು. ಗುಳೇದಗುಡ್ಡ ದಾಟುವ ಹೊತ್ತಿಗೆ ಬಿಸಿಲು ಕೆಂಪು ಬಂಡೆಗಳ ಮೇಲೆ ಬಿದ್ದಿತ್ತು. ಬಾದಾಮಿಯಲ್ಲಿ ಮೊದಲು ಬನಶಂಕರಿ. ಬನದ ಹುಣ್ಣಿಮೆ ಜನವರಿ 13ಕ್ಕೆ ಆಗಿತ್ತು. ತೇರು ಎಳೆದಾಗಿದ್ದರೂ ಜಾತ್ರೆ ಇನ್ನೂ ಕಟ್ಟಿಕೊಂಡೇ ಇತ್ತು. ನಾಟಕ ಕಂಪನಿಗಳ ಬೋರ್ಡು, ಬಳೆ ಅಂಗಡಿ, ತೊಟ್ಟಿಲು. ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕುಳಿತ ತಾಯಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಯ ಮೊಸರು ತೆಗೆದುಕೊಂಡೆವು. ಮೊಸರಿನ ಕುಡಿಕೆಯ ಮೈ ತಣ್ಣಗಿತ್ತು. ಮಣ್ಣಿನಿಂದ ಜಿನುಗುವ ನೀರು ಆರುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ನಮ್ಮ ಹಿರಿಯರ ಫ್ರಿಜ್ ಇದೇ.

ಐಸ್‌ಕ್ಯಾಂಡಿ ಗಾಡಿ ಕಂಡ ಮೊಮ್ಮಗಳು ನಿಂತಳು. ನನಗೆ ನನ್ನ ಬಾಲ್ಯದ ಜಾತ್ರೆ ನೆನಪಾಯಿತು. ಆಗ ಮಂಜುಗಡ್ಡೆ ಬರುತ್ತಿದ್ದುದು ಮರದ ಹೊಟ್ಟಿನಲ್ಲಿ ಹೂತು, ಗೋಣಿತಾಟು ಸುತ್ತಿಕೊಂಡು. ಹೊಟ್ಟು ಕೆದರಿದರೆ ಒಳಗೆ ಗಾಜಿನಂತೆ ಹೊಳೆಯುವ ಗಡ್ಡೆ! ಈ ಉಪಾಯ ಎಷ್ಟು ಹಳೆಯದೆಂದು ತಿಳಿದದ್ದು ದೊಡ್ಡವನಾದ ಮೇಲೆ. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ‘ಟಸ್ಕನಿ’ ಎಂಬ ಹಾಯಿಹಡಗು ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಕಲ್ಕತ್ತೆಗೆ ಹೊರಟಿತು. ಕಳಿಸಿದವನು ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ. ಅಲ್ಲಿನ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ನೀರನ್ನೇ ಕೊಯ್ದು, ಮರದ ಹೊಟ್ಟು ಹಾಕಿ ತುಂಬಿಸಿದ್ದ. ನಾಲ್ಕು ತಿಂಗಳ ಪ್ರಯಾಣ, ನಡುವೆ ಉರಿಯುವ ಸಮಭಾಜಕ ವೃತ್ತ. ಆದರೂ ಕಲ್ಕತ್ತೆಯಲ್ಲಿ ಇಳಿಸುವಾಗ ಸುಮಾರು 100 ಟನ್ ಉಳಿದಿತ್ತು. ಆಮೇಲೆ ಮದ್ರಾಸಿಗೂ ಮಂಜುಗಡ್ಡೆ ಬರತೊಡಗಿತು. ಅದನ್ನು ಇಡಲು ಕಟ್ಟಿದ ‘ಐಸ್ ಹೌಸ್’ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡದ್ದು ಅದೇ ಕಟ್ಟಡದಲ್ಲಿ.

“180ರಲ್ಲಿ 100 ಉಳಿದರೆ ಶೇಕಡಾ 56 ಪಾಸು” ಎಂದಳು ಮೊಮ್ಮಗಳು. ಲೆಕ್ಕದಲ್ಲಿ ನನ್ನ ಮೊಮ್ಮಗಳೇ.

ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು, ಮಂಗಳೇಶ ಬರೆಸಿದ 578ನೇ ಇಸವಿಯ ಶಾಸನವಿರುವ ಮೂರನೇ ಗುಹೆ ನೋಡಿ, ಪಟ್ಟದಕಲ್ಲಿನ ಮೇಲೆ ಹಾದು ಐಹೊಳೆಗೆ ಬಂದೆವು. ದುರ್ಗ ಗುಡಿಯ ಮುಂದಿನ ಹುಲ್ಲಿನ ಮೇಲೆ ಕುಳಿತಾಗ ನಾನು ಬ್ಯಾಂಕಿನವನ ಕಣ್ಣಿನಿಂದ ಒಂದು ಮಾತು ಹೇಳಿದೆ. ಈ ಸಣ್ಣ ಊರಿನ ಹೆಸರು ಸಮುದ್ರದಾಚೆಗೂ ಹೋಗಿತ್ತು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಹುಟ್ಟಿದ್ದು ಈ ಐಹೊಳೆಯ ಹೆಸರಿನಲ್ಲಿ. ಎತ್ತು ಕತ್ತೆಗಳ ಮೇಲೆ ಸರಕು ಹೇರಿ ದಕ್ಷಿಣ ಭಾರತವನ್ನೆಲ್ಲ ಸುತ್ತಿದ ಸಂಘ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ, ಅದರಲ್ಲಿಯೂ ಈ ಐನೂರ್ವರ ಹೆಸರಿದೆ.

“ಅವರು ಏನೇನು ಮಾರ್ತಿದ್ರು?”

“ಮೆಣಸು, ಏಲಕ್ಕಿ, ಶ್ರೀಗಂಧ, ಕರ್ಪೂರ, ಬಟ್ಟೆ, ಹರಳು.”

“ದಾಳಿಂಬೆ?”

ಇಲ್ಲ. ಪಟ್ಟಿಯನ್ನು ನೋಡಿ ಮಕ್ಕಳೇ, ಎಲ್ಲವೂ ಒಣ ಸರಕು. ತಿಂಗಳುಗಟ್ಟಲೆ ಹಡಗಿನಲ್ಲಿದ್ದರೂ ಕೆಡುವಂಥದ್ದಲ್ಲ. ಐನೂರು ಜನ ವರ್ತಕರು ಸೇರಿದರೂ ಒಂದು ಬುಟ್ಟಿ ಹಸಿ ಹಣ್ಣನ್ನು ಸುಮಾತ್ರಾಕ್ಕೆ ಮುಟ್ಟಿಸಲು ಆಗುತ್ತಿರಲಿಲ್ಲ.

ಐಹೊಳೆಯಿಂದ ಅಮೀನಗಡಕ್ಕೆ ಬಂದು ಕರದಂಟು ಕಟ್ಟಿಸಿಕೊಂಡೆವು. ಅಂಟು, ಬೆಲ್ಲ, ಒಣಹಣ್ಣು, ತುಪ್ಪ. ಇದೂ ಐನೂರ್ವರ ಜಾತಿಯ ಸರಕೇ, ದಿನಗಟ್ಟಲೆ ಕೆಡುವುದಿಲ್ಲ. ನಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಎಲ್ಲ ಒಂದೇ ಪಾಠ ಕಲಿಸುತ್ತವೆ: ನೀರನ್ನು ತೆಗೆ, ಇಲ್ಲವೇ ಉಪ್ಪು, ಎಣ್ಣೆ, ಬೆಲ್ಲ ಹಾಕು, ಆಹಾರ ಉಳಿಯುತ್ತದೆ. ಹಸಿಯಾಗಿಯೇ ಉಳಿಯಬೇಕೆಂದರೆ ತಂಪು ಬೇಕು.

ಆ ತಂಪನ್ನು ಯಂತ್ರದಿಂದ ಹುಟ್ಟಿಸಿ ಸಮುದ್ರ ದಾಟಿಸಿದವರ ಕಥೆಯನ್ನು ಕಾರಿನಲ್ಲಿ ಹೇಳಿದೆ. 1882ರ ಫೆಬ್ರವರಿ 15ರಂದು ನ್ಯೂಜಿಲೆಂಡಿನಿಂದ ‘ಡ್ಯುನೆಡಿನ್’ ಎಂಬ ಹಾಯಿಹಡಗು ಸುಮಾರು 5,000 ಕುರಿಗಳ ಮಾಂಸ ತುಂಬಿಕೊಂಡು ಲಂಡನ್ನಿಗೆ ಹೊರಟಿತು. ಹಡಗು ಓಡುವುದು ಗಾಳಿಯಿಂದ, ಆದರೆ ಹೊಟ್ಟೆಯೊಳಗೆ ಕಲ್ಲಿದ್ದಲಿನಿಂದ ನಡೆಯುವ ತಂಪಿನ ಯಂತ್ರ. ಉಷ್ಣವಲಯದಲ್ಲಿ ತಣ್ಣನೆಯ ಗಾಳಿ ಎಲ್ಲ ಕಡೆಗೂ ಹೋಗುತ್ತಿಲ್ಲವೆಂದು ಕ್ಯಾಪ್ಟನ್ನಿಗೆ ಗೊತ್ತಾಯಿತು. ಆತ ತಾನೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಗರಗಸದಿಂದ ತೂತು ಕೊರೆದ. ಚಳಿಗೆ ಮೈ ಮರಗಟ್ಟಿ ಅಲ್ಲೇ ಬಿದ್ದ. ಜೊತೆಯ ಅಧಿಕಾರಿ ಅವನ ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದು ಉಳಿಸಿದ. 98 ದಿನಗಳ ಮೇಲೆ ಲಂಡನ್ನಿನಲ್ಲಿ ತೆರೆದು ನೋಡಿದರೆ ಅಷ್ಟರಲ್ಲಿ ಕೆಟ್ಟಿದ್ದು ಒಂದೇ ಒಂದು ಕುರಿ.

“ಇದು ಎಷ್ಟು ಪರ್ಸೆಂಟ್ ಪಾಸು?” ಎಂದೆ. ನೋಟ್‌ಬುಕ್ಕು ತೆಗೆದಳು. ಅಷ್ಟರಲ್ಲಿ ಹುನಗುಂದ ಬಂತು.

ಊರ ಹೊರಗೆ, ಹಣ್ಣು ಆರಿಸಿ ಡಬ್ಬಿ ಕಟ್ಟುವ ತಗಡಿನ ಚಾವಣಿಯ ಮನೆ. ಎದುರಿಗೆ ನಿಂತಿತ್ತು ಮೊಮ್ಮಗಳು ನಂಬದಿದ್ದ ಫ್ರಿಜ್. ಲಾರಿಯ ಮೇಲೆ 40 ಅಡಿ ಉದ್ದದ ಬಿಳಿ ಪೆಟ್ಟಿಗೆ. ವ್ಯಾಪಾರದವರು ಇದನ್ನು ರೀಫರ್ ಎನ್ನುತ್ತಾರೆ. ನನ್ನ ತಮ್ಮನ ಮಗ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವನು. 2008ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ನಮ್ಮ ಮನೆಯಿಂದ ದೂರವೇನಿಲ್ಲ. ಅವನು ಮಾಸ್ತರನಂತೆ ತೋರಿಸುತ್ತ ಹೋದ.

“ನೋಡವ್ವಾ, ನೆಲ ಸಪಾಟಿಲ್ಲ. ಉದ್ದಕ್ಕೂ ಗೆರಿ ಗೆರಿ ಕಾಲುವಿ ಅದಾವ. ತಣ್ಣನ ಗಾಳಿ ಆ ತುದೀಂದ ಕೆಳಗ ಬಂದು, ಈ ಕಾಲುವ್ಯಾಗ ಹರಿದು, ಡಬ್ಬಿಗಳ ತೂತಿನಾಗ ಹಾದು ಮ್ಯಾಲೇರ್ತೈತಿ. ಮ್ಯಾಲಿನಿಂದ ಯಂತ್ರಕ್ಕ ವಾಪಸ್. ಅಲ್ಲಿ ಗೋಡಿ ಮ್ಯಾಲ ಕೆಂಪು ಗೆರಿ ಐತೆಲ್ಲ, ಅದಕ್ಕಿಂತ ಎತ್ತರ ತುಂಬಬಾರದು. ತುಂಬಿದ್ರ ಗಾಳಿಗೆ ದಾರಿ ಇರೂದಿಲ್ಲ.”

ಎಲ್ಲ ಸರಕಿಗೂ ಒಂದೇ ತಂಪಲ್ಲ. ಹೆಪ್ಪುಗಟ್ಟಿಸಿದ ಮೀನು, ಸೀಗಡಿ, ಬಟಾಣಿಗೆ ಮೈನಸ್ 18 ಡಿಗ್ರಿ. ದ್ರಾಕ್ಷಿಗೆ ಸೊನ್ನೆಯ ಹತ್ತಿರ. ಬಾಳೆಹಣ್ಣಿಗೆ 13, ಅದಕ್ಕಿಂತ ಕೆಳಗಿಳಿದರೆ ಸಿಪ್ಪೆ ಕಪ್ಪಾಗುತ್ತದೆ. ದಾಳಿಂಬೆಗೆ ಸುಮಾರು 6 ಡಿಗ್ರಿ, ಜೊತೆಗೆ ಗಾಳಿಯಲ್ಲಿ ತೇವವೂ ಬೇಕು, ಇಲ್ಲವಾದರೆ ಸಿಪ್ಪೆ ಸುಕ್ಕಾಗುತ್ತದೆ. ಪೆಟ್ಟಿಗೆಗೆ ಒಂದು ಸಣ್ಣ ಕಿಟಕಿಯೂ ಇದೆ. ಏಕೆಂದರೆ ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ, ಉಸಿರಾಡುತ್ತ ಬಿಸಿಯನ್ನೂ ಬಿಡುತ್ತದೆ. ಹಡಗಿನಲ್ಲಿ, ಬಂದರಿನಲ್ಲಿ ಪೆಟ್ಟಿಗೆಯನ್ನು ಕರೆಂಟಿಗೆ ಸಿಕ್ಕಿಸುತ್ತಾರೆ. ರಸ್ತೆಯ ಮೇಲೆ ಅದಕ್ಕೇ ಒಂದು ಡೀಸೆಲ್ ಜನರೇಟರ್. ಇಂಥ ಸಾವಿರಾರು ಪೆಟ್ಟಿಗೆಗಳನ್ನು ಇಂದು ಹಡಗುಗಳು ಹೊರುತ್ತವೆ. ಪೆಟ್ಟಿಗೆಯಲ್ಲೇ ಸರಕು ಸಾಗಿಸುವ ಪದ್ಧತಿಗೆ ನಾಂದಿ ಹಾಕಿದವನು ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಮಾಲೀಕ. 1956ರಲ್ಲಿ ಅಮೆರಿಕದಲ್ಲಿ, 58 ಪೆಟ್ಟಿಗೆಗಳೊಂದಿಗೆ.

ಒಳಗಿನ ತಂಪು ಕೋಣೆಯಲ್ಲಿ ದೊಡ್ಡ ಫ್ಯಾನುಗಳು ಡಬ್ಬಿಗಳ ಮೂಲಕ ತಣ್ಣನೆಯ ಗಾಳಿ ಎಳೆಯುತ್ತಿದ್ದವು. ತಮ್ಮನ ಮಗ ಸೂಜಿಯಂಥ ಥರ್ಮಾಮೀಟರನ್ನು ಒಂದು ಹಣ್ಣಿನೊಳಗೆ ಚುಚ್ಚಿದ.

“ಹಣ್ಣಿಗೆ ಜ್ವರ ನೋಡ್ತಿದೀರಾ ಚಿಕ್ಕಪ್ಪ?” ಎಂದಳು ಮೊಮ್ಮಗಳು. ಎಲ್ಲರೂ ನಕ್ಕರು.

14 ಡಿಗ್ರಿ ತೋರಿಸುತ್ತಿತ್ತು.

ನಗು ನಿಂತಿತು. ಬೇಕಾದದ್ದು 6. ಇನ್ನೂ ನಾಲ್ಕೈದು ತಾಸು ಬೇಕು. ಹಿಂದಿನ ರಾತ್ರಿ ಕರೆಂಟು ಕೈಕೊಟ್ಟು ತಂಪು ತಡವಾಗಿತ್ತು. ಇತ್ತ ಲಾರಿಯ ಚಾಲಕ ಅವಸರ ಮಾಡುತ್ತಿದ್ದ. ನವಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ ಇಲ್ಲಿಂದ ಐನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಮರುದಿನ ಗೇಟು ಮುಚ್ಚುವುದರೊಳಗೆ ಮುಟ್ಟದಿದ್ದರೆ ಆ ಹಡಗು ತಪ್ಪಿತು. “ಒಳಗ ಫ್ರಿಜ್ ಐತೆಲ್ರೀ, ಹೋಗೂದ್ರಾಗ ತಂಪಾಗ್ತಾವ. ತುಂಬ್ರಿ” ಎಂದ.

ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಕೇಳಿದ್ದಷ್ಟೇ ಅಲ್ಲ, ಆಡಿದ್ದೆ.

ಬ್ಯಾಂಕಿನ ಗುಮಾಸ್ತನಾಗಿ ನಾನು ಆರು ವರ್ಷ ಮುಂಬೈ ಶಾಖೆಯೊಂದರಲ್ಲಿ ರಫ್ತಿನ ಬಿಲ್ಲುಗಳ ಮೇಜಿಗೆ ಕುಳಿತವನು. ಹಡಗಿನ ಕಾಗದ ಸಾವಿರಾರು ನೋಡಿದ್ದೇನೆ, ಹಡಗು ನೋಡಿದ್ದು ಒಂದೇ ಸಲ, ಬಂದರಿನ ಬೇಲಿಯಾಚೆಯಿಂದ. ವಿದೇಶದ ಕೊಳ್ಳುವವನ ಬ್ಯಾಂಕು ಒಂದು ಪತ್ರ ಬರೆದುಕೊಡುತ್ತದೆ: ಇಂಥ ತಾರೀಖಿನೊಳಗೆ ಸರಕು ಹಡಗು ಹತ್ತಿದ ಕಾಗದ ತೋರಿಸಿದರೆ ಹಣ ಕೊಡುತ್ತೇವೆ ಎಂದು. ಅದಕ್ಕೆ ಲೆಟರ್ ಆಫ್ ಕ್ರೆಡಿಟ್ ಎನ್ನುತ್ತಾರೆ. ಅದರಲ್ಲಿ ತಾರೀಖು ಒಂದು ದಿನ ಮೀರಿದರೂ ಫಜೀತಿ.

ನನ್ನ ನಿವೃತ್ತಿಗೆ ಎರಡು ವರ್ಷ ಮೊದಲು, 2010ರ ಬೇಸಿಗೆಯಲ್ಲಿ, ತಮ್ಮನ ದಾಳಿಂಬೆ ಮೊದಲ ಸಲ ಯುರೋಪಿಗೆ ಹೊರಟಿತ್ತು. ಮೈ ಬಿಸಿ ಇದ್ದ ಹಣ್ಣು, ತಂಪು ಕೋಣೆಯಲ್ಲಿ ಜಾಗವಿಲ್ಲ. “ಅಣ್ಣಾ, ಏನು ಮಾಡೂಣು?” ಎಂದು ತಮ್ಮ ಫೋನು ಮಾಡಿದ. ನಾನು ಕುರ್ಚಿಯಲ್ಲಿ ಕುಳಿತು ಪತ್ರದ ತಾರೀಖು ನೋಡಿದೆ. “ತುಂಬು. ಒಳಗ ತಂಪಾಗ್ತಾವ” ಎಂದೆ. ಕಾಗದ ಓದಲು ಬಲ್ಲವನು, ಹಣ್ಣಿನ ಮೈ ಮುಟ್ಟಿ ನೋಡಿದವನಲ್ಲ.

ರೀಫರ್ ಪೆಟ್ಟಿಗೆ ಮಾಡುವ ಕೆಲಸ, ತಂಪಾಗಿ ಬಂದ ಹಣ್ಣನ್ನು ತಂಪಾಗಿಯೇ ಕಾಯುವುದು. ಬಿಸಿ ಹಣ್ಣನ್ನು ತಣಿಸುವಷ್ಟು ಶಕ್ತಿ ಅದಕ್ಕಿಲ್ಲ. ಒತ್ತಾಗಿ ತುಂಬಿದ ಬಿಸಿ ಹಣ್ಣು ತನ್ನ ಉಸಿರಿನಿಂದಲೇ ಬೇಯುತ್ತದೆ. ಅಂದು ಹಾಗೇ ಆಯಿತು. ಬಂದರು ಮುಟ್ಟಿದಾಗ ಹಣ್ಣಿನ ಕಿರೀಟದ ಸುತ್ತ ಬೂಸು. ವಿಮೆಯೂ ಸಿಗಲಿಲ್ಲ. ಪೆಟ್ಟಿಗೆಯೊಳಗಿನ ತಾಪ ದಾಖಲಿಸುವ ಯಂತ್ರದ ಗೆರೆ, ಹಣ್ಣು ಹತ್ತುವಾಗಲೇ ಬಿಸಿ ಇತ್ತೆಂದು ಹೇಳುತ್ತಿತ್ತು. ತಮ್ಮ ಎರಡು ಎಕರೆ ಹೊಲ ಒತ್ತೆ ಇಟ್ಟ. ಮುಂದೆ ದುಂಡಾಣು ಅಂಗಮಾರಿ ರೋಗ ಬಂದು ಗಿಡಗಳನ್ನೇ ಕಿತ್ತು ಹಾಕಿದ. ಹೊಲ ಬಿಡಿಸಿಕೊಳ್ಳಲು ಏಳು ವರ್ಷ ಹಿಡಿಯಿತು. ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಭಾರವಾಗಿತ್ತು.

ಈಗ ಅದೇ ತಮ್ಮ ಬಾಗಿಲ ಹತ್ತಿರ ನಿಂತು ನನ್ನ ಕಡೆ ನೋಡಿದ. “ಅಣ್ಣಾ, ನೀ ಏನಂತಿ?”

ನಾನು ಒಳಗೆ ಹೋಗಿ ಹಣ್ಣನ್ನು ಕೈಯಲ್ಲಿ ಹಿಡಿದೆ. ಮೇಲೆ ತಣ್ಣಗಿತ್ತು. ಸೂಜಿ ಮಾತ್ರ 14 ಎನ್ನುತ್ತಿತ್ತು.

“ಕಾಯೂಣು. ಹಡಗಾ ಇನ್ನೊಂದು ಬರ್ತೈತಿ” ಎಂದೆ.

ಚಾಲಕ ತಲೆಯಲ್ಲಾಡಿಸಿದ. ತಮ್ಮ ಏನೂ ಹೇಳದೆ ಅವನಿಗೆ ಚಹಾ ತರಿಸಿದ.

ಕಾಯುವ ಹೊತ್ತಿನಲ್ಲಿ ನಾವು ಇಳಕಲ್ಲಿಗೆ ಹೋಗಿ ಬಂದೆವು. ರಸ್ತೆಯ ಬದಿ ಕೆಂಪು ಗ್ರಾನೈಟಿನ ಆನೆಯಂಥ ತುಂಡುಗಳು ಬಿದ್ದಿದ್ದವು. ಅವೂ ಹಡಗು ಹತ್ತಿ ಹೊರದೇಶಕ್ಕೆ ಹೋಗುವಂಥವು. ಬಿಸಿಲಿರಲಿ, ಮಳೆಯಿರಲಿ, ಹಡಗು ತಿಂಗಳು ತಡವಾಗಲಿ, ಕಲ್ಲಿಗೆ ಚಿಂತೆಯಿಲ್ಲ. ನೇಕಾರರ ಓಣಿಯಲ್ಲಿ ಸೊಸೆ ಟೋಪಿ ತೆನೆ ಸೆರಗಿನ ಸೀರೆ ಆರಿಸಿದಳು. ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. “ಒಂದು ಕೊಂಡಿ ತಪ್ಪಿದ್ರ?” ಎಂದು ಕೇಳಿದೆ. “ಸೆರಗಿನಾಗ ಕಾಣ್ತೈತ್ರಿ” ಎಂದರು ನೇಯುತ್ತಿದ್ದ ತಾಯಿ. ನನಗೆ ತಂಪು ಕೋಣೆ ನೆನಪಾಯಿತು. ತೋಟ, ಡಬ್ಬಿ, ತಂಪು ಕೋಣೆ, ಲಾರಿ, ಬಂದರು, ಹಡಗು. ಅಲ್ಲಿಯೂ ಎಲ್ಲಿ ಕೊಂಡಿ ತಪ್ಪಿದರೂ ಕೊನೆಗೆ ಕಾಣುತ್ತದೆ.

ಸಂಜೆ ಏಳಕ್ಕೆ ಹುನಗುಂದಕ್ಕೆ ಮರಳಿದೆವು. ಈ ಸಲ ಸೂಜಿ ಚುಚ್ಚಿದ್ದು ಮೊಮ್ಮಗಳು. “ಆರು!” ಎಂದು ಕೂಗಿದಳು. ಹಮಾಲರು ಎದ್ದರು. ಕೆಂಪು ಗೆರೆಯ ಕೆಳಗೆ ನಿಲ್ಲುವಂತೆ ಡಬ್ಬಿ ಜೋಡಿಸಿ, ಬಾಗಿಲು ಮುಚ್ಚಿ, ಮೊಹರು ಹಾಕಿದರು. ರಾತ್ರಿ ಹತ್ತಕ್ಕೆ ಲಾರಿ ಹೊರಟಿತು.

ಹಡಗು ತಪ್ಪಿತು. ಇದನ್ನು ಮುಚ್ಚಿಡುವುದಿಲ್ಲ. ಪೆಟ್ಟಿಗೆ ನಾಲ್ಕು ದಿನ ಬಂದರಿನಲ್ಲಿ ಕರೆಂಟು ಹಚ್ಚಿಕೊಂಡು ಕುಳಿತಿತ್ತು, ಅದರ ಬಾಡಿಗೆ ಬೇರೆ. ಅಷ್ಟು ದಿನವೂ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮುಂದಿನ ಹಡಗು ಅದನ್ನು ದುಬೈಗೆ ಒಯ್ದಿತು. ಯುರೋಪಿನ ದಾರಿಯನ್ನು ತಮ್ಮನ ಮಗ ಆ ವರ್ಷ ಬೇಡವೆಂದಿದ್ದ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದು, ಅನೇಕ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಹೋಗುತ್ತಿದ್ದವು. ಅದಕ್ಕೆ ಎರಡು ವಾರದಷ್ಟು ಹೆಚ್ಚು ಹಿಡಿಯುತ್ತದೆ. ಕಲ್ಲಿಗೆ ಅದು ಬರೀ ತಡ, ಹಣ್ಣಿಗೆ ಆಯುಷ್ಯ.

ಒಂದು ಮುಂಜಾನೆ ತಮ್ಮ ಫೋನು ಮಾಡಿದ. “ಅಣ್ಣಾ, ಹಣ್ಣು ಛಲೋ ಮುಟ್ಟ್ಯಾವಂತ” ಎಂದ. ಸ್ವಲ್ಪ ತಡೆದು, “ಅವತ್ತ ನೀ ಬಂದಿದ್ದು ಛಲೋ ಆತು” ಎಂದ. ಹದಿನೈದು ವರ್ಷದ ಲೆಕ್ಕ ಅಷ್ಟರಲ್ಲಿ ಚುಕ್ತಾ ಆಯಿತು.

ಆಮೇಲೆ ಪತ್ರಿಕೆಯಲ್ಲಿ ಓದಿದ್ದು: ನಾವು ಬನಶಂಕರಿ ತೇರು ಎಳೆದ ಜನವರಿ 13ರಂದೇ, ನೆರೆಯ ಸೊಲ್ಲಾಪುರ ಸೀಮೆಯ ದಾಳಿಂಬೆ ಸಮುದ್ರ ಮಾರ್ಗವಾಗಿ ಆಸ್ಟ್ರೇಲಿಯಾದ ಸಿಡ್ನಿ ಮುಟ್ಟಿತ್ತು. ವ್ಯಾಪಾರಕ್ಕೆಂದು ಹಾಗೆ ಹೋದದ್ದು ಅದೇ ಮೊದಲು. ಹೊರಟದ್ದು 2024ರ ಡಿಸೆಂಬರ್ 6ಕ್ಕೆ, ಮೂರು ಮೂರು ಕಿಲೋದ 1,900 ಡಬ್ಬಿ. ಮಾರ್ಚ್ ತಿಂಗಳಲ್ಲಿ 4,200 ಡಬ್ಬಿ ನ್ಯೂಯಾರ್ಕ್ ಮುಟ್ಟಿದವು, ಐದು ವಾರ ಸಮುದ್ರದ ಮೇಲಿದ್ದು. ಸಿಡ್ನಿಯ ಡಬ್ಬಿಗಳು ಎಷ್ಟು ದಿನ ದಾರಿಯಲ್ಲಿದ್ದವು, ಒಟ್ಟು ಎಷ್ಟು ಟನ್ ಹಣ್ಣು, ಮೊಮ್ಮಗಳು ಫೋನಿನಲ್ಲೇ ಲೆಕ್ಕ ಹಾಕಿದಳು. ನೀವೂ ಹಾಕಿ ನೋಡಿ. ಅಜ್ಜ ಅಜ್ಜಿಯರಿದ್ದರೆ ತಾಳೆ ನೋಡಿಸಿ.

ಇನ್ನೊಂದು ಮಾತು. ಹೆದ್ದಾರಿಯ ಢಾಬಾದ ಮುಂದೆ ಬಿಳಿ ಪೆಟ್ಟಿಗೆಯ ಲಾರಿ ನಿಂತಿರುವುದನ್ನು ನೀವು ಕಾಣಬಹುದು. ಚಾಲಕ ಊಟಕ್ಕೆ ಹೋಗಿರುತ್ತಾನೆ, ಲಾರಿಯ ಎಂಜಿನ್ ಆರಿರುತ್ತದೆ, ಆದರೂ ಎಲ್ಲಿಂದಲೋ ಗುರ್ರ್ ಎಂಬ ಸದ್ದು. ಅದು ತಂಪಿನ ಯಂತ್ರ. ಒಳಗೆ ಯಾರದೋ ತೋಟದ ಹಣ್ಣು ಉಸಿರಾಡುತ್ತ ಸಮುದ್ರದ ಕಡೆಗೆ ಹೊರಟಿದೆ.